ಅಪ್‌ಡೇಟ್: ಐಡಿ ಫ್ಯಾನಿನ ಅದುರುವಿಕೆ ಇಳಿಯಿತು

ತಾಡಿಪತ್ರಿ ಬಳಿ ನಾನು ದುಡಿಯುವ ಸಿಮೆಂಟ್ ಕಾರ್ಖಾನೆಯಲ್ಲಿ, ಕಚ್ಚಾ ಪುಡಿಯನ್ನು ಕುಲುಮೆಗೆ ಹೋಗುವ ಮುನ್ನ ಬಿಸಿ ಮಾಡುವ ಪ್ರಿಹೀಟರ್‌ನ ಐಡಿ ಫ್ಯಾನನ್ನು (ಬಿಸಿ ಅನಿಲವನ್ನು ಎಳೆಯುವ ದೊಡ್ಡ ಫ್ಯಾನ್) ಎಷ್ಟು ಸಲ ತೂಕ ಸರಿದೂಗಿಸಿ ಬ್ಯಾಲೆನ್ಸ್ ಮಾಡಿದರೂ ಹದಿನೈದು ದಿನಕ್ಕೆ ಮತ್ತೆ ಅದುರುತ್ತದೆ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು.

‘ಬ್ಲೇಡಿನ ಬೆನ್ನು ನೋಡಿ’ ಎಂದ ಹಿರಿಯರ ಮಾತೇ ನಿಜವಾಯಿತು. ಮೂರು ವಾರಗಳ ಹಿಂದೆ ಕಿಲ್ನ್ (ಸಿಮೆಂಟಿನ ಕುಲುಮೆ) ನಿಲ್ಲಿಸಿದಾಗ ಫ್ಯಾನಿನ ಒಳಗಿಳಿದು ನೋಡಿದೆ. ಗಾಳಿ ತಳ್ಳುವ ಮುಖ ನುಣುಪಾಗಿತ್ತು. ಹಿಂಬದಿಯಲ್ಲಿ ಬೆರಳು ದಪ್ಪಕ್ಕೆ ರಾ ಮೀಲ್, ಅಂದರೆ ಅದೇ ಕಚ್ಚಾ ಪುಡಿ, ಹೆಪ್ಪುಗಟ್ಟಿತ್ತು. ಎರಡು ಬ್ಲೇಡುಗಳಲ್ಲಿ ಮಾತ್ರ ಕಳಚಿ ಬಿದ್ದಿತ್ತು. ಹೆಪ್ಪು ಇರುವಾಗಲೇ ನಾವು ತೂಕದ ತುಂಡು ಬೆಸೆಯುತ್ತಿದ್ದೆವು. ಹೆಪ್ಪು ಉದುರಿದೊಡನೆ ಆ ತುಂಡೇ ಹೊಸ ಅಸಮತೋಲನವಾಗುತ್ತಿತ್ತು! ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂಬ ಬೇಸರ ಇನ್ನೂ ಇದೆ.

ಪ್ರಿಹೀಟರಿನಲ್ಲಿ ಅನಿಲದಿಂದ ಪುಡಿಯನ್ನು ಬೇರ್ಪಡಿಸುವ ಮೇಲಿನ ಸೈಕ್ಲೋನಿನ ಡಿಪ್ ಟ್ಯೂಬ್ (ಅನಿಲ ಹೊರಹೋಗುವ ಕೊಳವೆ) ಕೂಡ ಸವೆದು ತೂತಾಗಿತ್ತು; ಬೇರ್ಪಡಬೇಕಾದ ದೂಳು ನೇರವಾಗಿ ಫ್ಯಾನಿಗೆ ಬರುತ್ತಿತ್ತು. ಅದನ್ನು ಬದಲಿಸಿದೆವು. ಬ್ಲೇಡುಗಳನ್ನು ಲೋಹ ಕಾಣುವವರೆಗೆ ಕೆರೆದು, ಹಳೆಯ ತುಂಡುಗಳನ್ನು ತೆಗೆದು, ಹೊಸದಾಗಿ ಬ್ಯಾಲೆನ್ಸ್ ಮಾಡಿದೆವು. ಸೆಕೆಂಡಿಗೆ 9 ಮಿಲಿಮೀಟರ್ ಇದ್ದ ಕಂಪನ ಈಗ 3ರ ಒಳಗಿದೆ.

ಓಡುತ್ತಿರುವಾಗಲೇ ಬ್ಲೇಡಿನ ಬೆನ್ನಿಗೆ ಒತ್ತಡದ ಗಾಳಿ ಊದುವ ನಾಝಲ್‌ಗಳನ್ನು ಮುಂದಿನ ನಿಲುಗಡೆಯಲ್ಲಿ ಕೂರಿಸುತ್ತೇವೆ. ಈ ಭಾನುವಾರ ರಾಯದುರ್ಗದ ಮನೆಯಲ್ಲಿದ್ದೆ. ಕಾರ್ಖಾನೆಯಿಂದ ಒಂದು ಫೋನೂ ಬರಲಿಲ್ಲ.