ಟಾಕ್ಸೊಪ್ಲಾಸ್ಮಾ ಸಿಸ್ಟ್: ಕುರಿ, ಹಂದಿ, ಕೋಳಿ, ಎಮ್ಮೆಯಲ್ಲಿ ಯಾವ ಅಂಗದ ಸ್ಯಾಂಪಲ್ ತೆಗೆಯಬೇಕು?

ಹೆಬ್ಬಾಳ_ಪಿಜಿ
ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿಯ ಸಿಸ್ಟ್ (ಅಂಗಾಂಶದೊಳಗಿನ ಅದರ ಕೋಶ) ಹುಡುಕಲು ಬೆಂಗಳೂರಿನ ಮಾಂಸದ ಅಂಗಡಿಗಳಿಂದ ಸ್ಯಾಂಪಲ್ ತರಬೇಕಿದೆ. ಎಲ್ಲ ಪ್ರಾಣಿಗಳಲ್ಲೂ ತೊಡೆಯ ಮಾಂಸವನ್ನೇ ತೆಗೆದುಕೊಂಡರೆ ಹೋಲಿಸಲು ಸುಲಭ ಅಲ್ಲವೇ? ಪಿಸಿಆರ್ (ಡಿಎನ್‌ಎ ಪತ್ತೆ ಪರೀಕ್ಷೆ) ಮಾಡಿ, ಜೀವಂತ ಪರಾವಲಂಬಿಯನ್ನೂ ಬೇರ್ಪಡಿಸುವ ಉದ್ದೇಶವಿದೆ. ಡಿಎನ್‌ಎ ತೆಗೆಯುವ ಕಿಟ್‌ಗೆ 25 ಮಿಲಿಗ್ರಾಂ ಮಾಂಸ ಸಾಕಂತೆ. ಪರೀಕ್ಷೆ ಮಾಡುವವರೆಗೆ −20 ಡಿಗ್ರಿ ಫ್ರೀಜರ್‌ನಲ್ಲಿ ಇಡಬಹುದೇ?

ಪ್ಯಾರಾಸೈಟ್_ಲ್ಯಾಬ್
ತೊಡೆ ಬೇಡ. ಕುರಿ, ಮೇಕೆಯಲ್ಲಿ ಹೃದಯ ಮತ್ತು ಮೆದುಳು ತೆಗೆದುಕೊಳ್ಳಿ. ಹಂದಿಯಲ್ಲೂ ಅವೇ, ಜೊತೆಗೆ ನಾಲಿಗೆ. ನಾಟಿಕೋಳಿಗೆ ಹೃದಯವೇ ಮೊದಲ ಆಯ್ಕೆ, ಚಿಕ್ಕದಾದ್ದರಿಂದ ಇಡಿಯಾಗಿ ಅರೆಯಿರಿ. ಇಲಿಯಲ್ಲಿ ಸಿಸ್ಟ್‌ಗಳು ಹೆಚ್ಚಾಗಿ ಮೆದುಳಿನಲ್ಲಿ ಸಿಗುವುದರಿಂದ ಪಠ್ಯಗಳಲ್ಲಿ ಮೆದುಳಿನ ಮಾತೇ ಜಾಸ್ತಿ. ಅದನ್ನು ಎಲ್ಲ ಪ್ರಾಣಿಗಳಿಗೂ ಅನ್ವಯಿಸಬಾರದು.

ದನ, ಎಮ್ಮೆಯ ಕಥೆ ಬೇರೆ. ರಕ್ತದಲ್ಲಿ ಪ್ರತಿಕಾಯ ಇರುತ್ತದೆ, ಆದರೆ ಅಂಗಾಂಶದಲ್ಲಿ ಜೀವಂತ ಪರಾವಲಂಬಿ ಸಿಗುವುದು ಅಪರೂಪ. ಕುರಿ, ಹಂದಿ, ಕೋಳಿಯಲ್ಲಿ ಸೀರಂ ಪಾಸಿಟಿವ್ (ರಕ್ತದಲ್ಲಿ ಪ್ರತಿಕಾಯ ಇದೆ) ಎಂದು ಬಂದರೆ ಸಿಸ್ಟ್ ಇರುವ ಸಾಧ್ಯತೆ ಹೆಚ್ಚು. ದನದಲ್ಲಿ ಆ ಲೆಕ್ಕ ನಂಬುವ ಹಾಗಿಲ್ಲ.

25 ಮಿಲಿಗ್ರಾಂ ವಿಷಯಕ್ಕೆ ಬಂದರೆ, ಪರಾವಲಂಬಿ ಇದ್ದರೂ ನೆಗೆಟಿವ್ ಫಲಿತಾಂಶ ಬರುವುದು ಹೆಚ್ಚಾಗಿ ಇದರಿಂದಲೇ. ದೊಡ್ಡ ಪ್ರಾಣಿಯ 50–100 ಗ್ರಾಂ ಮಾಂಸದಲ್ಲಿ ಒಂದೇ ಸಿಸ್ಟ್ ಇರಬಹುದು. ಅದು ನೀವು ತೆಗೆದ ತುಣುಕಿನಲ್ಲಿ ಇಲ್ಲದಿದ್ದರೆ ಯಾವ ಪ್ರೈಮರೂ (ಪಿಸಿಆರ್‌ನಲ್ಲಿ ಗುರಿಯ ಡಿಎನ್‌ಎಗೆ ಅಂಟುವ ಚಿಕ್ಕ ತುಣುಕು) ಏನೂ ಮಾಡಲಾರದು. ಮೊದಲು ಮಾಂಸವನ್ನು ಪೆಪ್ಸಿನ್‌ನಲ್ಲಿ (ಪ್ರೋಟೀನ್ ಜೀರ್ಣಿಸುವ ಕಿಣ್ವ) ಕರಗಿಸಿ, ಉಳಿದ ಗಸಿಯಿಂದ ಡಿಎನ್‌ಎ ತೆಗೆಯಿರಿ. ಪಿಸಿಆರ್‌ಗೆ ಗುರಿಯಾಗಿ ಪರಾವಲಂಬಿಯ ಬಿ1 ಜೀನ್‌ಗಿಂತ ಅದರ ಡಿಎನ್‌ಎಯ 529 ಬೇಸ್‌ಪೇರ್ ಪುನರಾವರ್ತಿತ ತುಣುಕು ಹೆಚ್ಚು ಸೂಕ್ಷ್ಮ.

ಯಲಹಂಕ_ವೆಟ್
ಫ್ರೀಜರ್ ಬೇಡವೇ ಬೇಡ. −12 ಡಿಗ್ರಿಯಲ್ಲೇ ಸಿಸ್ಟ್‌ಗಳು ಸಾಮಾನ್ಯವಾಗಿ ಸಾಯುತ್ತವೆ. ಪಿಸಿಆರ್‌ಗೆ ಅಡ್ಡಿಯಿಲ್ಲ, ಜೀವಂತ ಬೇಕಾದರೆ 4 ಡಿಗ್ರಿಯಲ್ಲಿಟ್ಟು ಬೇಗ ಮುಗಿಸಿ.

ಕರಗಿಸುವ ದ್ರಾವಣ: ಪೆಪ್ಸಿನ್ 2.6 ಗ್ರಾಂ, ಉಪ್ಪು 5 ಗ್ರಾಂ, ಹೈಡ್ರೋಕ್ಲೋರಿಕ್ ಆಮ್ಲ 7 ಮಿಲಿ, ನೀರು ಸೇರಿಸಿ 500 ಮಿಲಿ. ಪಿಎಚ್ 1.1–1.2 ಇರಲಿ. ಕೊಬ್ಬು, ಪೊರೆ ತೆಗೆದ 50 ಗ್ರಾಂ ಹೃದಯವನ್ನು ಸಲೈನ್‌ನಲ್ಲಿ ಅರೆದು 250 ಮಿಲಿ ಮಾಡಿ, 37 ಡಿಗ್ರಿಗೆ ಬೆಚ್ಚಗಾಗಿಸಿದ ದ್ರಾವಣ 250 ಮಿಲಿ ಹಾಕಿ, ಶೇಕರ್‌ನಲ್ಲಿ 60 ನಿಮಿಷ ಇಡಿ. ಎರಡು ಪದರದ ಗಾಜ್‌ಬಟ್ಟೆಯಲ್ಲಿ ಸೋಸಿ, 1200 ಜಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ತಳದ ಗಸಿಯನ್ನು 1.2% ಸೋಡಿಯಂ ಬೈಕಾರ್ಬನೇಟ್‌ನಿಂದ ತಟಸ್ಥಗೊಳಿಸಿ. ಸಿಸ್ಟ್ ಗೋಡೆ ಬೇಗ ಕರಗುತ್ತದೆ. ಒಳಗಿನ ಬ್ರಾಡಿಜೊಯಿಟ್ (ಸಿಸ್ಟ್‌ನೊಳಗೆ ಇರುವ ಹಂತದ ಪರಾವಲಂಬಿ) ಆಮ್ಲವನ್ನು ಸುಮಾರು ಎರಡು ಗಂಟೆಯಷ್ಟೇ ತಡೆಯುತ್ತದೆ, ಹಾಗಾಗಿ ಊಟಕ್ಕೆ ಹೋಗಿ ಶೇಕರ್ ಮರೆಯಬೇಡಿ.

ಪ್ಯಾರಾಸೈಟ್_ಲ್ಯಾಬ್
ಒಂದು ಎಚ್ಚರಿಕೆ: ಕುರಿ, ಎಮ್ಮೆಯ ಹೃದಯದಲ್ಲಿ ಸಾರ್ಕೊಸಿಸ್ಟಿಸ್ ಎಂಬ ಇನ್ನೊಂದು ಪರಾವಲಂಬಿಯ ಸಿಸ್ಟ್ ಬಹಳ ಸಾಮಾನ್ಯ. ಸ್ಲೈಡ್‌ನಲ್ಲಿ ಒಳಗೆ ಗೋಡೆಗಳಿಂದ ಕೋಣೆ ಕೋಣೆಯಾಗಿ ಕಂಡರೆ ಅದೇ. ಟಾಕ್ಸೊಪ್ಲಾಸ್ಮಾದ ಸಿಸ್ಟ್‌ಗೆ ಕೋಣೆಗಳಿಲ್ಲ, ಗೋಡೆಯೂ ತೆಳು. ಗರ್ಭಿಣಿ ಸಹಪಾಠಿಗಳಿದ್ದರೆ ಈ ಕೆಲಸದಿಂದ ದೂರವಿಡಿ.