ಅಪ್‌ಡೇಟ್: ಹಳೆಯ ಕಾರಿನ ಹಾರ್ನ್ ಸರಿಯಾಯಿತು, ದೋಷವಿದ್ದುದು ಅರ್ಥಿಂಗ್‌ನಲ್ಲಿ

ಒತ್ತಿದಾಗ ರಿಲೇ (ಹಾರ್ನ್‌ಗೆ ಕರೆಂಟ್ ಹಾಯಿಸುವ ಸ್ವಿಚ್) ‘ಟಿಕ್’ ಎಂದರೂ ಹಾರ್ನ್ ಒಮ್ಮೆ ಕೂಗಿ ಇನ್ನೊಮ್ಮೆ ಸುಮ್ಮನಾಗುತ್ತಿದೆ ಎಂದು ಕಳೆದ ವಾರ ಕೇಳಿದ್ದೆ, ಈಗ ಸರಿಯಾಗಿದೆ. ಫ್ಯೂಸ್, ರಿಲೇ ಬದಲಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಬ್ಯಾಟರಿಯ ನೆಗೆಟಿವ್‌ನಿಂದ ಹಾರ್ನನ್ನು ಬಾಡಿಗೆ ಹಿಡಿದಿಡುವ ಬ್ರ್ಯಾಕೆಟ್‌ಗೆ ನೇರವಾಗಿ ಒಂದು ವೈರ್ ಮುಟ್ಟಿಸಿ ನೋಡಿ ಎಂದು ಸಲಹೆ ಕೊಟ್ಟವರಿಗೆ ನಾನು ಋಣಿ, ಏಕೆಂದರೆ ಹಾಗೆ ಮುಟ್ಟಿಸಿ ಒತ್ತಿದ ಕೂಡಲೇ ಹಾರ್ನ್ ಗಟ್ಟಿಯಾಗಿ ಕೂಗಿತು. ಬ್ರ್ಯಾಕೆಟ್‌ನ ಬೋಲ್ಟ್ ಬಿಚ್ಚಿದಾಗ ವಾಷರ್‌ನ ಅಡಿಯಲ್ಲಿ ತುಕ್ಕಿನೊಂದಿಗೆ ಸಂಡೂರು ರಸ್ತೆಯ ಅದಿರಿನ ಕೆಂಪು ಧೂಳು ಪದರವಾಗಿ ಕುಳಿತಿತ್ತು. ಸ್ಯಾಂಡ್ ಪೇಪರ್‌ನಿಂದ ಲೋಹ ಹೊಳೆಯುವಂತೆ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದೆ. ನನಗೆ ಅಚ್ಚರಿಯೆನಿಸಿದ್ದೆಂದರೆ, ಪಾಸಿಟಿವ್ ವೈರಿನಲ್ಲಿ ಮಲ್ಟಿಮೀಟರ್ ಅಷ್ಟು ದಿನವೂ 12 ವೋಲ್ಟ್ ತೋರಿಸುತ್ತಲೇ ಇತ್ತು. ಒಂದೇ ವೈರಿನ ಹಾರ್ನ್‌ಗಳಲ್ಲಿ ಕರೆಂಟ್ ಬ್ಯಾಟರಿಗೆ ಹಿಂದಿರುಗುವುದು ಬ್ರ್ಯಾಕೆಟ್ ಮತ್ತು ಬಾಡಿಯ ಮೂಲಕವೇ (ಇದೇ ಅರ್ಥಿಂಗ್) ಆದ್ದರಿಂದ, ಇಂಥ ಧೂಳಿರುವ ಬಳ್ಳಾರಿ ಕಡೆಯವರು ಹೊಸ ಹಾರ್ನ್ ಕೊಳ್ಳುವ ಮೊದಲು ಆ ಬೋಲ್ಟನ್ನು ಬಿಚ್ಚಿ ನೋಡಿರಿ.