ಸಹಾಯ ಬೇಕು: 2 ಜಿಬಿ ಕಾರ್ಡಿನಲ್ಲಿ ರೆಸಿಡೆಂಟ್ ಈವಿಲ್ 2

ನಮಸ್ಕಾರ. ಆಟ ಮಾರುವ ಸ್ಟೀಮ್ ಅಂಗಡಿಯ ಸೇಲ್‌ನಲ್ಲಿ ರೆಸಿಡೆಂಟ್ ಈವಿಲ್ 2 (2019ರ ರಿಮೇಕ್, ಹಾರರ್ ಆಟ) ಬೆಲೆ ಚೆನ್ನಾಗಿ ಇಳಿದಿದೆ. ಮಷೀನು: ಐ5-4460 ಪ್ರೊಸೆಸರ್, 8 ಜಿಬಿ ರ‍್ಯಾಮ್, 2 ಜಿಬಿಯ ಜಿಟಿಎಕ್ಸ್ 760 ಗ್ರಾಫಿಕ್ಸ್ ಕಾರ್ಡ್. ಬಿಡುಗಡೆಯಾದಾಗ ಕನಿಷ್ಠ ಕೇಳಿದ್ದು ಇಷ್ಟನ್ನೇ. 2022ರ ಜೂನ್ ಅಪ್‌ಡೇಟ್ ರೇ ಟ್ರೇಸಿಂಗ್ (ಬೆಳಕು, ಪ್ರತಿಫಲನ ನಿಜದಂತೆ ತೋರಿಸುವ ತಂತ್ರ) ತಂದು ಆಟವನ್ನು ಡೈರೆಕ್ಟ್‌ಎಕ್ಸ್ 12ಕ್ಕೆ (ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆ) ಒಯ್ದಿತು; ಹಳೇ ಕಾರ್ಡಿಗೆ ಅದು ಭಾರ. ಹಳೇ ಕಾರ್ಡಿನವರು ಗಲಾಟೆ ಎಬ್ಬಿಸಿದ ಮೇಲೆ ಆಟದ ತಯಾರಕ ಕ್ಯಾಪ್‌ಕಾಮ್ ಹಳೇ ಆವೃತ್ತಿಯನ್ನೂ ವಾಪಸ್ ಕೊಟ್ಟಿತು. ಒಳ್ಳೇ ಕೆಲಸ.

ಸ್ಟೀಮ್ ಲೈಬ್ರರಿಯಲ್ಲಿ ಆಟದ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಬೀಟಾಸ್, ಅಲ್ಲಿ ಡಿಎಕ್ಸ್11 ನಾನ್-ಆರ್‌ಟಿ (ಡೈರೆಕ್ಟ್‌ಎಕ್ಸ್ 11, ರೇ ಟ್ರೇಸಿಂಗ್ ಇಲ್ಲದ ಆ ಹಳೇ ಆವೃತ್ತಿ) ಆರಿಸಬೇಕು. ಇಲ್ಲಿವರೆಗೆ ಗೊತ್ತು.

ಗೊತ್ತಾಗಬೇಕಿರುವುದು: ಗ್ರಾಫಿಕ್ಸ್ ಮೆಮೊರಿ ಪಟ್ಟಿ ಕೆಂಪಾಗದಂತೆ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) 0.5 ಜಿಬಿಗೆ ಇಳಿಸಿ, ನೆರಳು ಕಡಿಮೆ ಮಾಡಿದರೆ ಪೊಲೀಸ್ ಠಾಣೆಯೊಳಗೆ ಸೆಕೆಂಡಿಗೆ ಎಷ್ಟು ಫ್ರೇಮ್ ನಿಲ್ಲುತ್ತದೆ? ಬೆನ್ನಟ್ಟಿ ಬರುವ ದೈತ್ಯ ಮಿಸ್ಟರ್ ಎಕ್ಸ್‌ನ ಬೂಟಿನ ಸದ್ದು ಮೇಲಿನ ಮಹಡಿಯಲ್ಲಿ ಧಪ್ ಧಪ್ ಎನ್ನುವಾಗ ಆಟ ತಡವರಿಸಿದರೆ ಗುರಿ ತಪ್ಪುತ್ತದೆ. ಹಾರ್ಡ್‌ಕೋರ್‌ನಲ್ಲಿ (ಅತಿ ಕಠಿಣ ಮಟ್ಟ) ಒಂದು ಗುಂಡು ಹೋದರೂ ದುಬಾರಿ. ಮುಂದೆ ಕಾರ್ಡ್ ಬದಲಿಸಿ ಹೊಸ ಆವೃತ್ತಿಗೆ ಹೋದರೆ ಈ ಸೇವ್ ಫೈಲ್ ನಡೆಯುತ್ತದಾ?

ರೀಫಂಡ್‌ಗೆ ಕೊಂಡ 14 ದಿನದೊಳಗೆ ಕೇಳಬೇಕು, ಆಡಿದ್ದು 2 ಗಂಟೆಯೊಳಗೆ ಇರಬೇಕು. ಹಾಗಾಗಿ ಆ 2 ಗಂಟೆಯಲ್ಲಿ ಯಾವ ಜಾಗ ಆಡಿ ನೋಡಿದರೆ ಕಾರ್ಡಿನ ಬಂಡವಾಳ ತಿಳಿಯುತ್ತದೆ ಅಂತಲೂ ಹೇಳಿ. ಇದೇ ಕಾರ್ಡಿನಲ್ಲಿ ಆಡಿದವರು ಸೆಟ್ಟಿಂಗ್ಸ್‌ನ ಸ್ಕ್ರೀನ್‌ಶಾಟ್ ಹಾಕಿದರೆ ದೊಡ್ಡ ಉಪಕಾರ.